ಪ್ರೀತಿಯೇ ಇಲ್ಲದೆ ಸೇವೆ ಮಾಡುತ್ತಿದ್ದೇನೆ, ಬಿಟ್ಟುಬಿಡಲಾ?

ಪ್ರಶ್ನೆ: ನಾನು ಉಡುಪಿ ಕಡೆಯವಳು, ವಯಸ್ಸು 44. ಕೆಲವು ವರ್ಷಗಳ ಹಿಂದೆ ನನ್ನ ಗಂಡ ದೊಡ್ಡ ಕಾಯಿಲೆಯಿಂದ ಎದ್ದು ಬಂದರು. ಅವರು ಗುಣವಾದರೆ ಜೀವನಪೂರ್ತಿ ನಿನ್ನ ಸೇವೆ ಮಾಡುತ್ತೇನೆ ಅಂತ ಆಸ್ಪತ್ರೆಯಲ್ಲಿ ದೇವರಿಗೆ ಮಾತು ಕೊಟ್ಟಿದ್ದೆ. ಈಗ ಸಂಡೇ ಸ್ಕೂಲ್, ಕ್ವಾಯರ್, ಸ್ತ್ರೀಯರ ಕೂಟದ ಲೆಕ್ಕಪತ್ರ, ಶನಿವಾರ ಒಂಟಿಯಾಗಿರುವ ಹಿರಿಯರಿಗೆ ಊಟ, ಎಲ್ಲ ನನ್ನ ಮೇಲೇ ಇದೆ. ಗಂಡ ನಾನೂ ಬರುತ್ತೇನೆ ಅಂದರೂ ಬೇಡ ಅಂದೆ, ಹರಕೆ ನನ್ನದಲ್ವಾ? ಹೋದ ತಿಂಗಳು ಹಾಸಿಗೆ ಹಿಡಿದ ಅಜ್ಜಿಯೊಬ್ಬರು ಗಂಜಿ ಬಿಸಿ ಇಲ್ಲ ಅಂದಾಗ ಬಟ್ಟಲನ್ನು ಕುಕ್ಕಿ ಇಟ್ಟು ಬಂದೆ. ಅವರಿಗೆ ಕುಚ್ಚಲಕ್ಕಿ ಗಂಜಿ ಮೆತ್ತಗಿರಬೇಕು, ಉಪ್ಪಿನಕಾಯಿಯ ರಸ ಬೇಕು, ಹೋಳು ಬೇಡ. ಮುಂಬೈಯಲ್ಲಿರುವ ಮಗನ ಫೋನ್ ಬಂದ ದಿನ ಮಾತ್ರ ಹೊಟ್ಟೆ ತುಂಬ ಉಣ್ಣುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ ಹಾಗೆ ಮಾಡಿದೆ. ಮರುದಿನ ಆರಾಧನೆಯಲ್ಲಿ ಪ್ರಸಂಗ ಪ್ರೀತಿಯ ಮೇಲೆ. ಇದ್ದದ್ದನ್ನೆಲ್ಲ ಬಡವರಿಗೆ ಕೊಟ್ಟರೂ ಪ್ರೀತಿ ಇಲ್ಲದಿದ್ದರೆ ಪ್ರಯೋಜನವಿಲ್ಲ ಅಂತ. ನನಗೇ ಹೇಳಿದ ಹಾಗಿತ್ತು. ನಾನು ಮಾಡುತ್ತಿರುವುದು ಕಪಟ ಅಲ್ವಾ? ಎಲ್ಲ ಬಿಟ್ಟುಬಿಡಲಾ?

ಪ್ರಿಯ ಸಹೋದರಿ,

ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ಉಪ್ಪಿನಕಾಯಿ. ಸಂಡೇ ಸ್ಕೂಲು, ಕ್ವಾಯರು, ಲೆಕ್ಕಪತ್ರ ಎಲ್ಲ ಸೇರಿ ಅರ್ಧ ಸಾಲಿನಲ್ಲಿ ಮುಗಿದಿದೆ. ಅಜ್ಜಿಗೆ ಗಂಜಿ ಹೇಗಿರಬೇಕು, ಯಾವ ದಿನ ಹೊಟ್ಟೆ ತುಂಬ ಉಣ್ಣುತ್ತಾರೆ ಅನ್ನುವುದನ್ನು ಮಾತ್ರ ಬಿಡಿಸಿ ಬರೆದಿದ್ದೀರಿ. ಬಟ್ಟಲು ಕುಕ್ಕಿದ್ದು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಪ್ರೀತಿ ಇಲ್ಲದವರಿಗೆ ಹೀಗೆ ಕೊರೆಯುವುದಿಲ್ಲ. ಹಾಗಾಗಿ ಕಪಟ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮಲ್ಲಿ ಪ್ರೀತಿ ಇದೆ. ಅದರ ಮೇಲೆ ಹೆದರಿಕೆ ಮತ್ತು ಸುಸ್ತು ಕೂತುಬಿಟ್ಟಿವೆ.

ನೀವು ಕೇಳಿದ ಆ ವಾಕ್ಯ ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 13ನೇ ಅಧ್ಯಾಯದ್ದು. ಅಪೊಸ್ತಲನಾದ ಪೌಲನು ಅದನ್ನು ಬರೆದದ್ದು ಯಾರಿಗೆ ಅನ್ನುವುದನ್ನು ಸ್ವಲ್ಪ ನೋಡಿ. ಕೊರಿಂಥ ಊರಿನ ಕ್ರೈಸ್ತ ಸಭೆಯಲ್ಲಿ ದೇವರು ಕೊಟ್ಟ ವರಗಳಲ್ಲಿ ಯಾರದ್ದು ದೊಡ್ಡದು ಅಂತ ಪೈಪೋಟಿ ನಡೆಯುತ್ತಿತ್ತು. ಹಿಂದಿನ 12ನೇ ಅಧ್ಯಾಯ, ಮುಂದಿನ 14ನೇ ಅಧ್ಯಾಯ ಎರಡೂ ಅದೇ ವಿಷಯ. ತಮ್ಮ ಸೇವೆಯಿಂದ ಉಬ್ಬಿದವರನ್ನು ಎಚ್ಚರಿಸಿದ ಮಾತು ಅದು. ಸೋತು ಕೂತವರ ತಲೆ ಮೇಲೆ ಕುಟ್ಟುವುದಕ್ಕೆ ಬರೆದದ್ದಲ್ಲ. ಅದೇ ಅಧ್ಯಾಯದಲ್ಲಿ ಪ್ರೀತಿಗೆ ತಾಳ್ಮೆ ಇದೆ, ದಯೆ ಇದೆ ಅನ್ನುತ್ತಾನೆ. ಆ ತಾಳ್ಮೆಯಲ್ಲಿ, ಆ ದಯೆಯಲ್ಲಿ ನಿಮಗೂ ಒಂದು ಪಾಲು ಇರಬೇಕಲ್ವಾ?

ಈಗ ಹರಕೆಯ ವಿಷಯಕ್ಕೆ ಬರುತ್ತೇನೆ. ನಿಜವಾದ ತೊಡಕು ಇರುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಆಸ್ಪತ್ರೆಯ ಆ ದಿನಗಳಲ್ಲಿ ಮಾತು ಕೊಟ್ಟದ್ದರಲ್ಲಿ ತಪ್ಪಿಲ್ಲ. ಆದರೆ ಅದು ಬರಬರುತ್ತಾ ಸಾಲವಾಗಿದೆ, ನೀವು ವಾರವಾರ ಕಂತು ಕಟ್ಟುತ್ತಿದ್ದೀರಿ. ಒಂದು ಕಂತು ತಪ್ಪಿದರೆ ಗಂಡನಿಗೆ ಮತ್ತೆ ಏನಾದರೂ ಆದೀತು ಅನ್ನುವ ಭಯ ಒಳಗೆಲ್ಲೋ ಇರಬಹುದು. ದೇವರು ನಿಮ್ಮ ಗಂಡನನ್ನು ಅಡವಿಟ್ಟುಕೊಂಡು ನಿಮ್ಮಿಂದ ದುಡಿಸಿಕೊಳ್ಳುವವನಲ್ಲ. 'ಆತನೇ ನಮ್ಮನ್ನು ಮೊದಲು ಪ್ರೀತಿಸಿದ' ಅನ್ನುವುದು ಯೋಹಾನನ ಮೊದಲನೆಯ ಪತ್ರದ ಮಾತು. ಆ 'ಮೊದಲು' ನಿಮಗೆ ಮರೆತುಹೋಗಿದೆ.

ಯೋಹಾನನ ಸುವಾರ್ತೆಯ 21ನೇ ಅಧ್ಯಾಯ ನಮ್ಮ ಕರಾವಳಿಯವರಿಗೆ ಬೇಗ ಅರ್ಥವಾಗುತ್ತದೆ. ರಾತ್ರಿಯಿಡೀ ಬಲೆ ಬೀಸಿದರೂ ಶಿಷ್ಯರಿಗೆ ಒಂದು ಮೀನೂ ಸಿಕ್ಕಿರಲಿಲ್ಲ. ಬೆಳಗಾಗುವಾಗ ಯೇಸು ದಡದಲ್ಲಿ ನಿಂತಿದ್ದ. ಅವನ ಮಾತಿನಂತೆ ಬಲೆ ಹಾಕಿದರೆ ರಾಶಿ ಮೀನು. ದಡಕ್ಕೆ ಬಂದರೆ ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಬನ್ನಿ, ಊಟ ಮಾಡಿ ಅಂದ. ಊಟವಾದ ಮೇಲೆ ಪೇತ್ರನನ್ನು ಮೂರು ಸಲ ಕೇಳಿದ, ನನ್ನನ್ನು ಪ್ರೀತಿಸುತ್ತೀಯಾ ಅಂತ. ಆಮೇಲೆ ನನ್ನ ಕುರಿಗಳನ್ನು ಮೇಯಿಸು ಅಂತ ಕೆಲಸ ಒಪ್ಪಿಸಿದ. ಯೇಸು ಸೆರೆಯಾದ ರಾತ್ರಿ ಅವನನ್ನು ಅರಿಯೆ ಅಂತ ಮೂರು ಸಲ ಹೇಳಿದ್ದ ಪೇತ್ರನಿಗೇ ಮೊದಲು ಹೊಟ್ಟೆಗೆ ಸಿಕ್ಕಿತು. ನೀವು ಆ ಊಟಕ್ಕೆ ಕೂರದೆ ಸೀದಾ ಕುರಿ ಮೇಯಿಸಲು ಹೋಗುತ್ತಿದ್ದೀರಿ.

ಇನ್ನೊಂದು ಮಾತು. ನಮ್ಮೂರುಗಳಲ್ಲಿ ಸೇವೆ ಅಂದರೆ ದೊಡ್ಡ ಹೆಸರುಗಳೇ ನೆನಪಾಗುತ್ತವೆ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಔಷಧಿ ಕೊಡಲು ಶುರು ಮಾಡಿದ ಫಾದರ್ ಮುಲ್ಲರ್, 1923ರಲ್ಲಿ ಉಡುಪಿಯ ಮಿಷನ್ ಆಸ್ಪತ್ರೆ ಆರಂಭಿಸಿದ ಡಾ. ಇವಾ ಲೊಂಬಾರ್ಡ್. ಅವರ ಕಥೆ ಕೇಳಿ ಬೆಳೆದ ನಮಗೆ ಸೇವೆಯಲ್ಲಿ ದಣಿವಾಗುವುದೇ ತಪ್ಪು ಅನ್ನಿಸಿಬಿಡುತ್ತದೆ. ಆ ಆಸ್ಪತ್ರೆಗಳು ಇಂದಿಗೂ ನಡೆಯುತ್ತಿರುವುದು ನರ್ಸ್‌ಗಳು, ಅಡುಗೆಯವರು, ನೆಲ ಒರೆಸುವವರು ಎಲ್ಲರೂ ಕೈಹಚ್ಚಿದ್ದರಿಂದ. ನಿಮ್ಮ ಸಭೆಯಲ್ಲೂ ಬೇರೆ ಕೈಗಳಿವೆ.

ಆದ್ದರಿಂದ ಎಲ್ಲವನ್ನೂ ಬಿಡಬೇಡಿ, ಎಲ್ಲವನ್ನೂ ಹಿಡಿದುಕೊಳ್ಳಲೂ ಬೇಡಿ. ಲೆಕ್ಕಪತ್ರವನ್ನು ಈ ತಿಂಗಳೇ ಬೇರೆಯವರಿಗೆ ಒಪ್ಪಿಸಿ. ಕ್ವಾಯರ್‌ಗೆ ಕ್ರಿಸ್ಮಸ್‌ವರೆಗೆ ರಜೆ ಕೇಳಿ. ಸಂಡೇ ಸ್ಕೂಲಿನಲ್ಲಿ ಯುವಜನರೊಬ್ಬರನ್ನು ಜೊತೆಗೆ ಸೇರಿಸಿಕೊಂಡು ಕಲಿಸಿಕೊಡಿ. ಸಭೆಯ ಪಾದ್ರಿ ಅಯ್ಯನವರ ಹತ್ತಿರ ನೇರವಾಗಿ 'ನನಗೆ ಆಗುತ್ತಿಲ್ಲ' ಅನ್ನಿ, ಕಾರಣಗಳ ಪಟ್ಟಿ ಬೇಡ. ಜನ ಏನಾದರೂ ಅಂದೇ ಅನ್ನುತ್ತಾರೆ, ಸ್ವಲ್ಪ ದಿನ ಅನ್ನಲಿ. ಆ ಸಮಯದಲ್ಲಿ ಸುಮ್ನೆ ನಿದ್ದೆ ಮಾಡಿ, ಏನೂ ಬೇಡದೆ ಪ್ರಾರ್ಥನೆಗೆ ಕೂತುಕೊಳ್ಳಿ. ಮನೆಯ ವಿಷಯದಲ್ಲೂ ಆಸಕ್ತಿ ಹೋಗಿದೆ, ಮಲಗಿದರೂ ದಣಿವು ಆರುತ್ತಿಲ್ಲ ಅಂತಾದರೆ ಡಾಕ್ಟರಿಗೆ ತೋರಿಸುವುದನ್ನು ಮುಂದೂಡಬೇಡಿ.

ಅಜ್ಜಿಯನ್ನು ಮಾತ್ರ ಬಿಡಬೇಡಿ. ಸಿಟ್ಟು ಬಂದದ್ದು ಅಲ್ಲೇ ಆದರೂ ನಿಮ್ಮ ಪ್ರೀತಿ ಇನ್ನೂ ಉಸಿರಾಡುತ್ತಿರುವುದೂ ಅಲ್ಲೇ. ಈ ಶನಿವಾರ ಹೋಗಿ, 'ಅವತ್ತು ಸಿಟ್ಟು ಮಾಡಿದೆ ಅಜ್ಜಿ, ಬೇಜಾರು ಮಾಡಬೇಡಿ' ಅಂತ ಹೇಳಿಬಿಡಿ. ಗಂಜಿಯನ್ನು ಅವರ ಮನೆಯಲ್ಲೇ ಬಿಸಿ ಮಾಡಿ, ಉಣ್ಣುವ ತನಕ ಪಕ್ಕದಲ್ಲಿ ಕೂತಿರಿ. ಬೇರೆ ಮನೆಗಳ ಊಟ ತಲುಪಿಸುವ ಕೆಲಸವನ್ನು ಗಂಡನಿಗೆ ಕೊಡಿ. ಅವರೂ ಸಾವಿನ ಬಾಗಿಲು ನೋಡಿ ಬಂದವರು. ದೇವರಿಗೆ ಥ್ಯಾಂಕ್ಸ್ ಹೇಳಬೇಕು ಅಂತ ಅವರಿಗೂ ಇರುತ್ತದೆ, ಇಷ್ಟು ದಿನ ನೀವು ಬಿಟ್ಟಿಲ್ಲ ಅಷ್ಟೇ.