ಪ್ರಾಡಕ್ಟ್ ಓನರ್ ಕೆಲಸದಲ್ಲಿ ನಿಜವಾಗಿ ಕಷ್ಟವಾದದ್ದು ಯಾವುದು?

ಕೆಲವು ವರ್ಷ ಟೆಸ್ಟಿಂಗ್‌ನಲ್ಲಿದ್ದೀರಿ, ಈಗ ಕಂಪನಿಯವರು ಪ್ರಾಡಕ್ಟ್ ಓನರ್, ಅಂದರೆ ತಂಡ ಯಾವ ಕೆಲಸ ಮೊದಲು ಮಾಡಬೇಕೆಂದು ತೀರ್ಮಾನಿಸುವವರು, ಆಗಲು ಹೇಳುತ್ತಿದ್ದಾರೆ, ಸರ್ಟಿಫಿಕೇಟ್ ಮಾಡಿಕೊಂಡರೆ ಸಾಕೇ ಎಂದು ಕೇಳಿದ್ದೀರಿ. ಮಾಡಿಕೊಳ್ಳಿ, ಅದರಿಂದ ನಷ್ಟವಿಲ್ಲ. ಆದರೆ ಈ ಕೆಲಸದಲ್ಲಿ ನಿದ್ದೆ ಕೆಡಿಸುವ ಸಂಗತಿಗಳು ಆ ಪಠ್ಯದಲ್ಲಿ ಇರುವುದಿಲ್ಲ. ನಾನು ಬೆಳಗಾವಿಯಲ್ಲಿ, ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಖರೀದಿಯ ಸಾಫ್ಟ್‌ವೇರ್ ಮಾಡುವ ತಂಡದಲ್ಲಿ ಇದೇ ಹುದ್ದೆಯಲ್ಲಿದ್ದೇನೆ. ರೈತರ ನೋಂದಣಿ, ಕಟಾವಿನ ಸರದಿ, ತೂಕ, ಬಿಲ್ಲು ಎಲ್ಲವೂ ಅದರಲ್ಲಿ ಬರುತ್ತವೆ. ಹಾಗಾಗಿ ಕಬ್ಬಿನ ಲೆಕ್ಕದಲ್ಲಿಯೇ ಹೇಳುತ್ತೇನೆ.

ಬ್ಯಾಕ್‌ಲಾಗ್, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿ, ಬರೆಯುವುದು ಯಾರಿಗಾದರೂ ಬಂದೀತು. ಅದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ತೀರ್ಮಾನಿಸಿ, ತನಗಿಂತ ದೊಡ್ಡ ಹುದ್ದೆಯವರ ಮುಂದೆ ಆ ತೀರ್ಮಾನಕ್ಕೆ ಅಂಟಿಕೊಂಡು ನಿಲ್ಲುವುದೇ ಕಷ್ಟ. ಸಾಫ್ಟ್‌ವೇರ್‌ಗೆ ಹಣ ಕೊಡುವವರು ಕಾರ್ಖಾನೆಯ ಆಡಳಿತದವರು. ಹಗಲು ರಾತ್ರಿ ಬಳಸುವವರು, ಗಾಡಿ ಸಮೇತ ಕಬ್ಬು ತೂಗುವ ತೂಕದ ಸೇತುವೆಯ ಗುಮಾಸ್ತರು. ಅದರ ಫಲ ಉಣ್ಣುವವನು ರೈತ. ಸಭೆಗೆ ಬರುವವರು ಮಾತ್ರ ಮೊದಲಿನವರು.

ಒಮ್ಮೆ ಆಡಳಿತದವರು, ದಿನಕ್ಕೆ ಎಷ್ಟು ಟನ್ ಕಬ್ಬು ಬಂತು, ಎಷ್ಟು ನುರಿಸಲಾಯಿತು ಎಂಬುದು ಮೊಬೈಲ್‌ನಲ್ಲಿ ಬಣ್ಣಬಣ್ಣದ ನಕ್ಷೆಯಾಗಿ ಕಾಣಬೇಕು, ಅದೂ ಮುಂದಿನ ಹಂಗಾಮು ಶುರುವಾಗುವ ಮೊದಲು ಎಂದರು. ಅದೇ ಹೊತ್ತಿಗೆ ಗುಮಾಸ್ತರ ಕಡೆಯಿಂದ ಬಂದ ದೂರು ಒಂದೇ ಸಾಲಿನದು: ನೆಟ್‌ವರ್ಕ್ ಹೋದರೆ ತೂಕದ ಚೀಟಿ ಬರುವುದಿಲ್ಲ. ನವೆಂಬರ್‌ನ ಒಂದು ರಾತ್ರಿ ಹೋಗಿ ನೋಡಿದೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಗೇಟಿನಿಂದ ರಸ್ತೆಯವರೆಗೆ ನಿಂತಿರುತ್ತವೆ. ಒಂದು ಸೇತುವೆಯ ಮೇಲೆ ಹತ್ತುತ್ತದೆ, ತುಂಬಿದ ತೂಕ ದಾಖಲಾಗುತ್ತದೆ. ಕಬ್ಬು ಇಳಿಸಿ ಬಂದ ಮೇಲೆ ಖಾಲಿ ತೂಕ. ಎರಡರ ವ್ಯತ್ಯಾಸವೇ ರೈತನ ಬಿಲ್ಲಿನ ಮೂಲ. ನಡುವೆ ಸರ್ವರ್ ಸಂಪರ್ಕ ಕಡಿದರೆ ಗುಮಾಸ್ತ ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆದುಕೊಳ್ಳುತ್ತಾನೆ, ಬೆಳಿಗ್ಗೆ ಅದನ್ನು ಕಂಪ್ಯೂಟರ್‌ಗೆ ಏರಿಸುತ್ತಾನೆ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಬಂದ ಕಟಾವಿನ ಗ್ಯಾಂಗಿನವರು, ಚಾಲಕರು, ರೈತ ಎಲ್ಲರೂ ಚಳಿಯಲ್ಲಿ ಕಾಯುತ್ತಾರೆ. ಕಡಿದ ಕಬ್ಬು ಕಾದಷ್ಟೂ ತೂಕವೂ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ.

ಮರುದಿನ ಪಟ್ಟಿಯಲ್ಲಿ ಸಂಪರ್ಕವಿಲ್ಲದೆಯೂ ಚೀಟಿ ಮುದ್ರಿಸುವ ಕೆಲಸ ಮೊದಲ ಸ್ಥಾನಕ್ಕೆ ಬಂತು, ನಕ್ಷೆ ಕೆಳಗೆ ಹೋಯಿತು. ಫೋನುಗಳು ಬಂದವು. ಆ ಫೋನುಗಳಿಗೆ ಉತ್ತರಿಸುವುದೇ ನಿಮ್ಮ ಸಂಬಳದ ಕೆಲಸ ಎಂದು ತಿಳಿಯಿರಿ. 'ಡೆವಲಪರ್‌ಗಳಿಗೆ ಸಮಯವಿಲ್ಲ' ಎಂದರೆ ಯಾರೂ ಒಪ್ಪುವುದಿಲ್ಲ. 'ಒಂದು ಗಂಟೆ ಸೇತುವೆ ನಿಂತರೆ ಇಷ್ಟು ಗಾಡಿ ನಿಲ್ಲುತ್ತವೆ, ಗಿರಣಿಗೆ ಕಬ್ಬು ಸಾಲುವುದಿಲ್ಲ' ಎಂದರೆ ಒಪ್ಪುತ್ತಾರೆ. ಅದನ್ನು ಹೇಳಬೇಕಾದರೆ ಅಂಗಳದಲ್ಲಿ ನಿಂತು ನೋಡಿರಬೇಕು.

ಇದಕ್ಕಿಂತ ಸೂಕ್ಷ್ಮವಾದ ಬೇಡಿಕೆಗಳಿವೆ. ಚೀಟಿ ಬಂದ ಮೇಲೆ ತಪ್ಪಿದ್ದರೆ ತಿದ್ದಲು ಮೇಲ್ವಿಚಾರಕರಿಗೆ ಒಂದು ಬಟನ್ ಕೊಡಿ ಎಂದು ಒಂದು ಕಾರ್ಖಾನೆ ಕೇಳಿತು. ಡೆವಲಪರ್‌ಗೆ ಅದು ಸಣ್ಣ ಕೆಲಸ. ಕಾರಣವೂ ಸುಳ್ಳಲ್ಲ: ರೈತನ ಸಂಕೇತ ಸಂಖ್ಯೆ ತಪ್ಪಾಗುತ್ತದೆ, ಗಾಡಿಯ ನಂಬರ್ ಅದಲುಬದಲಾಗುತ್ತದೆ. ಆದರೆ ತೂಕವನ್ನೇ ತಿದ್ದಲು ಬಂದರೆ, ನಮ್ಮ ಭಾಗದಲ್ಲಿ ರೈತರಿಗೆ ಮೊದಲೇ ಇರುವ ಅನುಮಾನಕ್ಕೆ ನಾವೇ ದಾಖಲೆ ಒದಗಿಸಿದಂತೆ. ಹೆಸರು, ಸಂಖ್ಯೆ ತಿದ್ದಬಹುದು. ಹಳೆಯದು ಅಳಿಯದೆ ಉಳಿಯಬೇಕು, ತಿದ್ದಿದವರ ಹೆಸರೂ ಕಾರಣವೂ ದಾಖಲಾಗಬೇಕು. ಸೇತುವೆಯಿಂದ ನೇರವಾಗಿ ಬಂದ ತೂಕವನ್ನು ಯಾರೂ ಮುಟ್ಟುವಂತಿಲ್ಲ ಎಂದು ತೀರ್ಮಾನಿಸಿದೆ. ಇಂಥ ಜಾಗದಲ್ಲಿ ಪ್ರಾಡಕ್ಟ್ ಓನರ್ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸಭೆಗೆ ಬಾರದ ರೈತನ ಪರವಾಗಿ ಅಲ್ಲಿ ಮಾತಾಡಬೇಕಾದವರು ನೀವೇ ಎಂದು ನಾನು ಬಲವಾಗಿ ನಂಬುತ್ತೇನೆ.

ಡೆವಲಪರ್‌ಗಳ ವಿಷಯದಲ್ಲೂ ನಿಮಗೆ ಹೊಣೆ ಇದೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿನ ಎಫ್‌ಆರ್‌ಪಿಯನ್ನು, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ಬೆಲೆಯನ್ನು, ಕ್ವಿಂಟಲ್‌ಗೆ 355 ರೂಪಾಯಿ ಎಂದು, ಶೇ 10.25ರ ಸಕ್ಕರೆ ಇಳುವರಿಗೆ, ನಿಗದಿ ಮಾಡಿತು. ಹಿಂದಿನ ಹಂಗಾಮಿನಲ್ಲಿ ಅದು 340 ಇತ್ತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಸಂದಾಯವಾಗಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಇವುಗಳಲ್ಲಿ ವರ್ಷವರ್ಷವೂ ಬದಲಾಗುವುದು ಯಾವುದು, ಬದಲಾಗದೆ ಉಳಿಯುವುದು ಯಾವುದು ಎಂದು ಕೋಡ್ ಬರೆಯುವ ಮೊದಲೇ ಹೇಳುವವರು ಬೇಕು. ಡೆವಲಪರ್ ಊಹೆಯ ಮೇಲೆ ಬರೆದರೆ ಹೊಣೆ ಡೆವಲಪರ್‌ನದಲ್ಲ.

ಇನ್ನು ಕಾಲದ ಮಾತು. ಎರಡು ವಾರಕ್ಕೊಮ್ಮೆ ಹೊಸ ಆವೃತ್ತಿ ಬಿಡುಗಡೆ ಮಾಡಬೇಕು ಎಂದು ತರಬೇತಿಯಲ್ಲಿ ಕಲಿಯುತ್ತೀರಿ. ಗಿರಣಿ ಹಗಲಿರುಳು ಓಡುವ ತಿಂಗಳುಗಳಲ್ಲಿ ತೂಕದ ಪರದೆಯನ್ನು ಬದಲಿಸಲು ನಾನಂತೂ ಒಪ್ಪುವುದಿಲ್ಲ. ದೊಡ್ಡ ಬದಲಾವಣೆಗಳೆಲ್ಲ ಬೇಸಿಗೆ ಮತ್ತು ಮಳೆಗಾಲದಲ್ಲಿ ಮುಗಿಯಬೇಕು. ಹಳೆಯ ಕೋಡ್ ಸರಿಪಡಿಸಲು ತಂಡ ಕೇಳುವ ಸಮಯವನ್ನೂ ಆಗಲೇ ಕೊಡಬೇಕು.

ನಿಮ್ಮ ಪ್ರಶ್ನೆಯಲ್ಲಿಲ್ಲದ, ಆದರೆ ಮುಖ್ಯವಾದ ಇನ್ನೊಂದು ವಿಷಯ ಅಧಿಕಾರದ್ದು. ಸ್ಕ್ರಮ್ ಎಂಬ ಕೆಲಸದ ಪದ್ಧತಿಗೆ ಶ್ವೇಬರ್ ಮತ್ತು ಸದರ್‌ಲ್ಯಾಂಡ್ ಬರೆದ ಕೈಪಿಡಿ ಸ್ಕ್ರಮ್ ಗೈಡ್. ಅದರ 2020ರ ಆವೃತ್ತಿ ಸ್ಪಷ್ಟವಾಗಿದೆ: ಪ್ರಾಡಕ್ಟ್ ಓನರ್ ಒಬ್ಬ ವ್ಯಕ್ತಿ, ಸಮಿತಿಯಲ್ಲ, ಆ ವ್ಯಕ್ತಿಯ ತೀರ್ಮಾನವನ್ನು ಇಡೀ ಸಂಸ್ಥೆ ಗೌರವಿಸಬೇಕು, ಸ್ಪ್ರಿಂಟ್, ಅಂದರೆ ಕೆಲವು ವಾರಗಳ ಒಂದು ಕೆಲಸದ ಸುತ್ತು, ಅದನ್ನು ರದ್ದುಮಾಡುವ ಅಧಿಕಾರವೂ ಆ ವ್ಯಕ್ತಿಗೆ ಮಾತ್ರ. ವಾಸ್ತವದಲ್ಲಿ ತೀರ್ಮಾನ ಬೇರೆ ಊರಿನಲ್ಲಿ, ಕ್ಲೈಂಟ್‌ನ ಕಚೇರಿಯಲ್ಲಿ ಆಗಿರುತ್ತದೆ, ಇಲ್ಲಿರುವವರು ಅದನ್ನು ತಂಡಕ್ಕೆ ತಲುಪಿಸುವ ಅಂಚೆಯವರಾಗುತ್ತಾರೆ. ಬೈಗುಳ ಮಾತ್ರ ಇವರ ಪಾಲಿಗೆ. ಪ್ರತಿಭಾವಂತರು ಹೀಗೆಯೇ ಬೇಸತ್ತು ಕೆಲಸ ಬಿಟ್ಟದ್ದನ್ನು ಕಂಡಿದ್ದೇನೆ, ಅದು ನನಗೆ ಇಂದಿಗೂ ನೋವಿನ ವಿಷಯ.

ಆದ್ದರಿಂದ ಒಪ್ಪುವ ಮೊದಲು ನಿಮ್ಮ ಮ್ಯಾನೇಜರ್‌ಗೆ ಮೂರು ವಿಷಯ ಕೇಳಿ. ಪಟ್ಟಿಯ ಕ್ರಮವನ್ನು ನಾನು ಬದಲಿಸಿದರೆ ಅದನ್ನು ಮತ್ತೆ ಬದಲಿಸುವ ಹಕ್ಕು ಯಾರಿಗಿದೆ? ಸಾಫ್ಟ್‌ವೇರ್ ಬಳಸುವವರನ್ನು, ಮಧ್ಯವರ್ತಿಗಳಿಲ್ಲದೆ, ನಾನೇ ಭೇಟಿ ಮಾಡಬಹುದೇ? ಬೇಡ ಎಂದು ನಾನು ಹೇಳಿದ್ದನ್ನು ಮಾರಾಟದವರು ಗ್ರಾಹಕರಿಗೆ ಒಪ್ಪಿಕೊಂಡು ಬಂದರೆ ನೀವು ಯಾರ ಕಡೆ ನಿಲ್ಲುತ್ತೀರಿ? ಮೊದಲ ಎರಡಕ್ಕೆ ನೇರ ಉತ್ತರ ಸಿಕ್ಕರೆ ಧೈರ್ಯವಾಗಿ ಸೇರಿಕೊಳ್ಳಿ. ಮೂರನೆಯದು ಒಂದೆರಡು ಸ್ಪ್ರಿಂಟ್ ಕಳೆಯುವಷ್ಟರಲ್ಲಿ ತಾನಾಗಿ ತಿಳಿಯುತ್ತದೆ. ಟೆಸ್ಟಿಂಗ್‌ನಿಂದ ಬರುವವರಿಗೆ ಎಲ್ಲಿ ಏನು ಮುರಿಯುತ್ತದೆ ಎಂಬುದು ಮೊದಲೇ ಕಾಣುತ್ತದೆ, ಈ ಹುದ್ದೆಯಲ್ಲಿ ಅದು ದೊಡ್ಡ ಆಸ್ತಿ.