ಮೊದಲ ಸಿಂತ್ ಯಾವುದಿರಲಿ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲಿವೆ. ಕಂಪ್ಯೂಟರ್‌ನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡಬೇಕು, ಸಿಂತಸೈಜರ್ ಸಾಫ್ಟ್‌ವೇರ್ (ಸದ್ದನ್ನು ತಾನೇ ಹುಟ್ಟಿಸುವ ವಾದ್ಯ, ಚಿಕ್ಕದಾಗಿ ಸಿಂತ್) ಯಾವುದು ಹಾಕಿಕೊಳ್ಳಲಿ ಅಂತ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ಹಾಡು ಕಟ್ಟುವ ಸಾಫ್ಟ್‌ವೇರ್ ಎಫ್‌ಎಲ್ ಸ್ಟುಡಿಯೋದ ಟ್ರಯಲ್ ಹಾಕಿಕೊಂಡಿದ್ದೇನೆ. ಯೂಟ್ಯೂಬ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಈಗಾಗಲೇ ಹದಿನೆಂಟು ಉಚಿತ ಸಿಂತ್ ಇಳಿಸಿಕೊಂಡಿದ್ದೇನೆ, ಒಂದು ಹಾಡೂ ಮುಗಿದಿಲ್ಲ. ಯಾವುದನ್ನು ಇಟ್ಟುಕೊಳ್ಳಲಿ?
— ಓದುಗ, ದಾವಣಗೆರೆ

ಉತ್ತರ: ವೈಟಲ್ ಇಟ್ಟುಕೊಳ್ಳಿ. ಉಳಿದ ಹದಿನೇಳನ್ನು ತೆಗೆದುಬಿಡಿ. ಅವು ಕೆಟ್ಟವು ಅಂತಲ್ಲ. ನಿಮ್ಮ ಕಣ್ಣೆದುರು ಅಷ್ಟೊಂದು ಇದ್ದರೆ ಒಂದರಲ್ಲಿ ಸದ್ದು ಸರಿಬರದ ತಕ್ಷಣ ಇನ್ನೊಂದಕ್ಕೆ ಹಾರುತ್ತೀರಿ, ಯಾಕೆ ಸರಿಬರಲಿಲ್ಲ ಅನ್ನೋದು ಯಾವತ್ತೂ ಗೊತ್ತಾಗುವುದಿಲ್ಲ.

ವೈಟಲ್ ಅನ್ನು ಮ್ಯಾಟ್ ಟೈಟೆಲ್ ಅನ್ನುವವರು 2020ರಲ್ಲಿ ಬಿಡುಗಡೆ ಮಾಡಿದರು. ಉಚಿತ ಆವೃತ್ತಿಗೂ ದುಡ್ಡಿನ ಆವೃತ್ತಿಗೂ ಇರುವ ಮುಖ್ಯ ವ್ಯತ್ಯಾಸ ಜೊತೆಗೆ ಬರುವ ಪ್ರೀಸೆಟ್ (ಸಿದ್ಧ ಸದ್ದು) ಮತ್ತು ವೇವ್‌ಟೇಬಲ್‌ಗಳ (ಸದ್ದಿಗೆ ಮೂಲವಾಗುವ ಅಲೆಗಳ ಪಟ್ಟಿ) ಸಂಖ್ಯೆಯಲ್ಲಿ, ಸಿಂತ್ ಅದೇ. ಆದರೆ ನಾನು ಇದನ್ನೇ ಹೇಳುವುದಕ್ಕೆ ಕಾರಣ ಬೆಲೆಯಲ್ಲ. ಇದರಲ್ಲಿ ಒಳಗೆ ಏನು ನಡೆಯುತ್ತಿದೆ ಅನ್ನೋದು ಕಣ್ಣಿಗೆ ಕಾಣುತ್ತದೆ. ಅಲೆಯ ಆಕಾರ ಕಾಣುತ್ತದೆ, ಫಿಲ್ಟರ್ ಅಲ್ಲಾಡುವುದು ಕಾಣುತ್ತದೆ, ಎಲ್‌ಎಫ್‌ಒ (ಇವೆಲ್ಲ ಏನು ಅಂತ ಮುಂದೆ ಹೇಳುತ್ತೇನೆ) ಹಿಡಿದು ಎಳೆದು ಯಾವ ಗುಂಡಿಯ ಮೇಲೆ ಬಿಟ್ಟರೂ ಆ ಗುಂಡಿ ತಿರುಗುವುದು ಅಲ್ಲೇ ಕಾಣುತ್ತದೆ. ಹೊಸಬರು ಸಿಂತ್ ಆರಿಸುವಾಗ ಅದರ ಸದ್ದು ಎಷ್ಟು ದೊಡ್ಡದು ಅಂತ ನೋಡುತ್ತಾರೆ. ನನ್ನ ಕೇಳಿದರೆ ಅದು ನಿಮಗೆ ಎಷ್ಟು ತೋರಿಸುತ್ತದೆ ಅಂತ ನೋಡಬೇಕು.

ಈಗ ಕೆಲಸದ ಮಾತು. ಇನಿಟ್ ಪ್ರೀಸೆಟ್ ತೆರೆಯಿರಿ, ಅಂದರೆ ಏನೂ ಇಲ್ಲದ ಖಾಲಿ ಸದ್ದು. ಅದರಲ್ಲಿ ನಾಲ್ಕೇ ವಿಷಯ ಅರ್ಥ ಮಾಡಿಕೊಳ್ಳಿ. ಮೊದಲನೆಯದು ಆಸಿಲೇಟರ್, ಸದ್ದು ಹುಟ್ಟುವ ಜಾಗ. ಎರಡನೆಯದು ಫಿಲ್ಟರ್. ಇದನ್ನು ನಿಮ್ಮ ಬಾಯಲ್ಲೇ ಮಾಡಿ ನೋಡಬಹುದು: ಒಂದೇ ಶ್ರುತಿಯಲ್ಲಿ, ಉಸಿರು ಮುರಿಯದೆ, ಊ ಅಂತ ಶುರುಮಾಡಿ ಓ ದಾಟಿ ಆ ತನಕ ಬನ್ನಿ. ಗಂಟಲಿನ ಸ್ವರ ಬದಲಾಗಲಿಲ್ಲ, ಬಾಯಿ ತೆರೆದಂತೆ ಸದ್ದು ಹೊಳಪಾಯಿತು, ಅಲ್ವಾ? ಗಂಟಲು ಆಸಿಲೇಟರ್, ಬಾಯಿ ಫಿಲ್ಟರ್, ಕಟಾಫ್ ಗುಂಡಿ ಅಂದರೆ ಬಾಯಿ ಎಷ್ಟು ತೆರೆದಿದೆ ಅನ್ನೋದು. ಮೂರನೆಯದು ಎನ್ವೆಲಪ್. ಘಟದ ಮೇಲೆ ಬೆರಳು ಬಡಿದರೆ ಸದ್ದು ಥಟ್ಟನೆ ಬಂದು ಥಟ್ಟನೆ ಹೋಗುತ್ತದೆ, ಪಿಟೀಲಿನ ಕಮಾನು ನಿಧಾನ ಎಳೆದರೆ ಮೆಲ್ಲಗೆ ಏಳುತ್ತದೆ, ನಾದಸ್ವರ ಊದುತ್ತಿರುವಷ್ಟು ಹೊತ್ತೂ ನಿಲ್ಲುತ್ತದೆ. ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್ ಅನ್ನುವ ನಾಲ್ಕು ಗುಂಡಿ ಇದನ್ನೇ ಹೇಳುತ್ತವೆ. ನಾಲ್ಕನೆಯದು ಎಲ್‌ಎಫ್‌ಒ: ಕಿವಿಗೆ ಕೇಳಿಸದಷ್ಟು ನಿಧಾನದ ಅಲೆ, ಬೇರೆ ಗುಂಡಿಗಳನ್ನು ನಿಮ್ಮ ಬದಲು ತಾನೇ ತಿರುಗಿಸುತ್ತದೆ.

ಮೊದಲ ತಿಂಗಳು ಇಷ್ಟರಲ್ಲೇ ಒಂದು ಬೇಸ್ (ತಗ್ಗು ಸದ್ದು), ಒಂದು ಪ್ಯಾಡ್ (ಮೆಲ್ಲಗೆ ಎದ್ದು ಹರಡುವ ಸದ್ದು), ಒಂದು ಪ್ಲಕ್ (ತಂತಿ ಮೀಟಿದಂಥ ಸದ್ದು) ಮಾಡಿ. ಆಮೇಲೆ ಕಿಕ್ ಡ್ರಮ್ ಮಾಡಿ. ಸುಮ್ನೆ ಒಂದು ಸೈನ್ ಅಲೆ ತಗೊಂಡು, ಅದರ ಶ್ರುತಿ ಮೇಲಿನಿಂದ 50 ಹರ್ಟ್ಸ್ ಆಸುಪಾಸಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುವ ಹಾಗೆ ಎನ್ವೆಲಪ್ ಕೊಟ್ಟರೆ ಕಿಕ್ ಬಂತು. ಅದನ್ನು ಮೊದಲ ಸಲ ನೀವೇ ಮಾಡಿ ಕೇಳಿದಾಗ ಆಗುವ ಖುಷಿಯೇ ಬೇರೆ.

ಇನ್ನೊಂದು ಎಚ್ಚರಿಕೆ. ಎಫ್‌ಎಲ್ ಟ್ರಯಲ್‌ನಲ್ಲಿ ಪ್ರಾಜೆಕ್ಟ್ ಸೇವ್ ಆಗುತ್ತದೆ, ಆದರೆ ಲೈಸೆನ್ಸ್ ತಗೊಳ್ಳುವ ತನಕ ಅದನ್ನು ಮತ್ತೆ ತೆರೆದು ಮುಂದುವರಿಸಲು ಆಗುವುದಿಲ್ಲ. ನಿಮ್ಮ ಹಾಡು ಮುಗಿಯದೇ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು. ದುಡ್ಡು ಕೂಡುವ ತನಕ ಟ್ರ್ಯಾಕ್‌ಶನ್ ಕಂಪನಿಯ ವೇವ್‌ಫಾರ್ಮ್ ಫ್ರೀ ಬಳಸಿ, ಇಲ್ಲವೇ 60 ದಿನ ಪೂರ್ತಿಯಾಗಿ ನಡೆಯುವ ರೀಪರ್ ನೋಡಿ. ವೈಟಲ್ ಎರಡರಲ್ಲೂ ನಡೆಯುತ್ತದೆ.

ಪ್ರಶ್ನೆ: ಎಲ್ಲ ಪಾಠಗಳೂ ಸೀರಮ್‌ನಲ್ಲೇ ಇವೆ. ಸಾಲ ಮಾಡಿಯಾದರೂ ತಗೊಳ್ಳಬೇಕಾ?
— ಓದುಗ, ಬೆಳಗಾವಿ

ಉತ್ತರ: ಸಾಲ ಖಂಡಿತ ಬೇಡ. ಸೀರಮ್ ಒಳ್ಳೆಯ ಸಿಂತ್, ಸ್ಟೀವ್ ಡೂಡಾ 2014ರಲ್ಲಿ ತಂದರು. 2025ರಲ್ಲಿ ಎರಡನೇ ಆವೃತ್ತಿ ಬಂದಾಗ ಹಳೆಯ ಗ್ರಾಹಕರಿಗೆ ಅದನ್ನು ಪುಕ್ಕಟೆ ಕೊಟ್ಟರು. ಇದನ್ನು ನಾನು ಗೌರವದಿಂದ ನೆನೆಯುತ್ತೇನೆ. ಆದರೆ ನಮ್ಮ ರೂಪಾಯಿಯಲ್ಲಿ ಹದಿನೈದು ಸಾವಿರಕ್ಕೂ ಮೇಲೆ ಹೋಗುತ್ತದೆ. ವೈಟಲ್ ಕೂಡ ಅದೇ ಜಾತಿಯ ವೇವ್‌ಟೇಬಲ್ ಸಿಂತ್. ಸೀರಮ್ ಪಾಠ ಹಾಕಿಕೊಂಡು ವೈಟಲ್‌ನಲ್ಲಿ ಮಾಡುತ್ತಾ ಹೋಗಿ, ಗುಂಡಿಗಳ ಜಾಗ ಬೇರೆ ಇರುತ್ತದೆ, ಕೆಲಸ ಹೆಚ್ಚುಕಡಿಮೆ ಅದೇ. ಸೀರಮ್‌ಗೆ ಅಂತ ಸಿಗುವ ವೇವ್‌ಟೇಬಲ್ ಫೈಲ್‌ಗಳು ವೈಟಲ್‌ನಲ್ಲೂ ತೆರೆಯುತ್ತವೆ. ಪ್ರೀಸೆಟ್‌ಗಳು ಮಾತ್ರ ತೆರೆಯುವುದಿಲ್ಲ. ಹೀಗೆ ಹುಡುಕಿ ಹುಡುಕಿ ಮಾಡಿದವರು, ಬರೀ ನೋಡಿ ನಕಲು ಮಾಡಿದವರಿಗಿಂತ ಬೇಗ ಕಲಿಯುವುದನ್ನು ನೋಡಿದ್ದೇನೆ.

ಆರು ತಿಂಗಳಾದ ಮೇಲೂ ಸೀರಮ್ ಬೇಕು ಅನಿಸಿದರೆ, ತಿಂಗಳು ತಿಂಗಳು ಕಂತು ಕಟ್ಟಿ ಕೊನೆಗೆ ಸ್ವಂತ ಮಾಡಿಕೊಳ್ಳುವ ವ್ಯವಸ್ಥೆ ಸ್ಪ್ಲೈಸ್ ಅನ್ನುವ ಜಾಲತಾಣದಲ್ಲಿದೆ.

ಪ್ರಶ್ನೆ: ಸಂಗೀತ ಪಾಠ ಹೇಳುತ್ತೇನೆ, ಕರ್ನಾಟಕ ಶಾಸ್ತ್ರೀಯ. ಶಿಷ್ಯರೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಸಿಂತ್ ನುಡಿಸಿ ನೋಡಿದೆ. ಗಾಂಧಾರ ಕಿವಿಗೆ ಕೂರುವುದೇ ಇಲ್ಲ, ಗಮಕವಂತೂ ಬರುವುದೇ ಇಲ್ಲ. ರಾಗಕ್ಕೂ ಇದಕ್ಕೂ ಆಗಿಬರುವುದಿಲ್ಲವೇ?
— ಓದುಗರು, ಮೈಸೂರು

ಉತ್ತರ: ನಿಮ್ಮ ಕಿವಿ ಸರಿಯಾಗಿದೆ ಮೇಡಂ. ಕೀಬೋರ್ಡ್ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತದೆ. ಆ ಲೆಕ್ಕದಲ್ಲಿ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ಸ್ ಮೇಲಿದೆ (ಪಕ್ಕಪಕ್ಕದ ಎರಡು ಕೀಲಿಗಳ ಅಂತರ 100 ಸೆಂಟ್ಸ್). ತಂಬೂರಿಯ ತಂತಿಯೊಳಗಿಂದ ತಾನಾಗಿ ಕೇಳಿಬರುವ ಗಾಂಧಾರ 386ರಲ್ಲಿದೆ, ಐದಕ್ಕೆ ನಾಲ್ಕರ ಅನುಪಾತ. ಆ 14 ಸೆಂಟ್ಸ್ ನಿಮ್ಮನ್ನು ಚುಚ್ಚುತ್ತಿದೆ. ಪಂಚಮದಲ್ಲಿ ವ್ಯತ್ಯಾಸ ಎರಡೇ ಸೆಂಟ್ಸ್, ಅದಕ್ಕೇ ಅದು ಅಷ್ಟು ಕಾಡುವುದಿಲ್ಲ.

ಇದನ್ನು ಸರಿಮಾಡಬಹುದು. ನಿಮಗೆ ನಾನು ಹೇಳುವುದು ಸರ್ಜ್ ಎಕ್ಸ್‌ಟಿ. ಕ್ಲೇಸ್ ಯೋಹಾನ್ಸನ್ ಬರೆದ ಸಿಂತ್ ಇದು. 2018ರಲ್ಲಿ ಅವರು ಅದರ ಕೋಡನ್ನೇ ಎಲ್ಲರಿಗೂ ಬಿಟ್ಟುಕೊಟ್ಟರು, ಅಲ್ಲಿಂದ ಸ್ವಯಂಸೇವಕರು ಬೆಳೆಸುತ್ತಾ ಬಂದಿದ್ದಾರೆ. ಪೂರ್ತಿ ಉಚಿತ. ಇದಕ್ಕೆ ಸ್ಕಾಲಾ ಅನ್ನುವ ಶ್ರುತಿ ಫೈಲ್ ಕೊಡಬಹುದು. ಅದು ಬರೀ ಪಠ್ಯದ ಫೈಲ್, ನೋಟ್‌ಪ್ಯಾಡಿನಲ್ಲೇ ಬರೆಯಬಹುದು. ಮೊದಲ ಸಾಲಿನಲ್ಲಿ ಒಂದು ಹೆಸರು, ಎರಡನೇ ಸಾಲಿನಲ್ಲಿ 12, ಆಮೇಲೆ ಒಂದೊಂದು ಸಾಲಿಗೆ ಒಂದೊಂದು ಅನುಪಾತ: 16/15, 9/8, 6/5, 5/4, 4/3, 45/32, 3/2, 8/5, 5/3, 9/5, 15/8, ಕೊನೆಗೆ 2/1. ಷಡ್ಜ ಬರೆಯಬೇಕಿಲ್ಲ, ಅದು ಇದ್ದೇ ಇದೆ. ಹೆಸರಿನ ಕೊನೆಗೆ ಡಾಟ್ ಎಸ್‌ಸಿಎಲ್ ಅಂತ ಹಾಕಿ ಉಳಿಸಿ, ಸರ್ಜ್ ಕಿಟಕಿಯ ಮೇಲೆ ಎಳೆದು ಬಿಡಿ. ಷಡ್ಜ ಸಿ ಕೀಲಿಯಲ್ಲಿ ಕೂರುತ್ತದೆ; ಬೇರೆ ಶ್ರುತಿಗೆ ಕೀಬೋರ್ಡ್ ಮ್ಯಾಪಿಂಗ್ ಫೈಲ್ ಅಂತ ಇನ್ನೊಂದಿದೆ, ಶಿಷ್ಯರು ಮಾಡಿಕೊಡುತ್ತಾರೆ. ನಿಮ್ಮ ಸಂಪ್ರದಾಯದ ಧೈವತ, ನಿಷಾದ ಬೇರೆ ಇದ್ದರೆ ಆ ಸಾಲು ಬದಲಿಸಿ, ಮತ್ತೆ ಕೇಳಿ. ವೈಟಲ್ ಕೂಡ ಈ ಫೈಲ್ ಓದುತ್ತದೆ.

ಗಮಕ ಕಷ್ಟದ್ದು. ಮೊದಲು ಸಿಂತನ್ನು ಮೋನೋ ಮಾಡಿ, ಅಂದರೆ ಒಂದು ಸಲಕ್ಕೆ ಒಂದೇ ಸ್ವರ. ಲೆಗಾಟೋ (ಸ್ವರಗಳು ಕಡಿಯದೆ ಸೇರುವುದು) ಹಾಕಿ, ಗ್ಲೈಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಹೊತ್ತು) 60ರಿಂದ 100 ಮಿಲಿಸೆಕೆಂಡ್ ಇಡಿ. ಜಾರು ಬರುತ್ತದೆ. ಪಿಚ್ ಬೆಂಡ್ ಚಕ್ರ ಸಾಮಾನ್ಯವಾಗಿ ಎರಡು ಕೀಲಿಯಷ್ಟೇ ಬಾಗುತ್ತದೆ, ಅದನ್ನು ನಾಲ್ಕೈದಕ್ಕೆ ಏರಿಸಿಕೊಂಡು ಎಡಗೈಗೆ ಸಾಧನೆ ಕೊಡಿ. ಕಂಪಿತಕ್ಕೆ ಮಾತ್ರ ದಯವಿಟ್ಟು ಎಲ್‌ಎಫ್‌ಒ ಹಾಕಬೇಡಿ. ಎಷ್ಟೋ ಜನ ಹಾಕುತ್ತಾರೆ. ಎಲ್‌ಎಫ್‌ಒ ಒಂದೇ ಅಳತೆಯಲ್ಲಿ ಮೇಲೆ ಕೆಳಗೆ ಹೋಗುತ್ತದೆ, ಕಂಪಿತ ಹಾಗಲ್ಲ ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದು ಒಂದು ಸ್ವರದಲ್ಲಿ ತುಸು ನಿಂತು, ಪಕ್ಕದ್ದನ್ನು ಮುಟ್ಟಿ, ರಾಗ ಕೇಳಿದಷ್ಟೇ ಹೊತ್ತಿಗೆ ಹಿಂದೆ ಬರುತ್ತದೆ. ಅದನ್ನು ಕೈಯಿಂದಲೇ ಮಾಡಬೇಕು.

ಆಗಿಬರುವುದಿಲ್ಲವೇ ಅಂದಿರಿ. 1982ರಲ್ಲೇ ಮುಂಬೈಯ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಕಂಪನಿಯ ಜುಪಿಟರ್-8, ಟಿಬಿ-303, ಟಿಆರ್-808 ಅನ್ನುವ ಎಲೆಕ್ಟ್ರಾನಿಕ್ ವಾದ್ಯಗಳನ್ನು ಇಟ್ಟುಕೊಂಡು ಹತ್ತು ರಾಗಗಳ ಒಂದು ರೆಕಾರ್ಡ್ ತಂದರು. ಆ ಟಿಬಿ-303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸ್ಲೈಡ್ ಇದೆ. ಇನ್ನು ಶ್ರುತಿಗೆ ಅಂತ ಎಲೆಕ್ಟ್ರಾನಿಕ್ ತಂಬೂರಿ ಎಷ್ಟೋ ಮನೆಯಲ್ಲಿದೆ, ನಮ್ಮ ಬೆಂಗಳೂರಿನ ರಾಡೆಲ್ ಕಂಪನಿಯೇ ಮಾಡುತ್ತದೆ. ನೀವೇ ಒಂದು ತಂಬೂರಿ ಮಾಡಿ ನೋಡಿ. ಪ ಸ ಸ ಸ, ಗರಗಸದ ಹಲ್ಲಿನ ಆಕಾರದ ಸಾ (saw) ಅಲೆ, ರಿಲೀಸ್ ಉದ್ದ, ರೆಸೊನೆನ್ಸ್ (ಕಟಾಫ್ ಇರುವ ಜಾಗದ ಸ್ವರವನ್ನು ಎತ್ತಿ ಕೇಳಿಸುವ ಗುಂಡಿ) ಜಾಸ್ತಿ, ಪ್ರತಿ ಮೀಟಿಗೂ ಕಟಾಫ್ ಮೇಲಿನಿಂದ ನಿಧಾನ ಇಳಿಯಲಿ. ಜವಾರಿ, ಅಂದರೆ ತಂತಿಯ ಝೇಂಕಾರ, ಪೂರ್ತಿ ಬರುವುದಿಲ್ಲ. ಆದರೆ ತಂತಿಯೊಳಗಿನ ಸ್ವರಗಳು ಒಂದೊಂದಾಗಿ ಹೊರಗೆ ಬರುವುದು ಕೇಳಿಸುತ್ತದೆ.

ಪ್ರಶ್ನೆ: ನಾಲ್ಕು ಸ್ವರ ಒಟ್ಟಿಗೆ ಒತ್ತಿದರೆ ಸಾಕು, ಸ್ಪೀಕರ್ ಚಟಚಟ ಅನ್ನುತ್ತದೆ. ಲ್ಯಾಪ್‌ಟಾಪ್ ಹಳೆಯದು, 8 ಜಿಬಿ ರ‍್ಯಾಮ್. ಹೊಸದೇ ಬೇಕಾ?
— ಓದುಗ, ಶಿರಸಿ

ಉತ್ತರ: ಬೇಡ. ಮೊದಲು ಯೂನಿಸನ್ ನೋಡಿ, ಅಂದರೆ ಒಂದೇ ಸ್ವರದ ಎಷ್ಟು ಪ್ರತಿ ಒಟ್ಟಿಗೆ ನುಡಿಯುತ್ತವೆ ಅನ್ನೋದು. ಒಂದು ಆಸಿಲೇಟರ್‌ಗೆ 16 ಯೂನಿಸನ್ ಇಟ್ಟು, ಎರಡು ಆಸಿಲೇಟರ್ ಹಾಕಿ, ನಾಲ್ಕು ಸ್ವರ ಒತ್ತಿದರೆ ಲ್ಯಾಪ್‌ಟಾಪ್ ಒಟ್ಟಿಗೆ 128 ಅಲೆ ಲೆಕ್ಕ ಹಾಕಬೇಕು. ಅದನ್ನು 4ಕ್ಕೆ ಇಳಿಸಿ, ಕಿವಿಗೆ ಅಂಥ ನಷ್ಟ ಆಗುವುದಿಲ್ಲ. ಆಮೇಲೆ ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಲೆಕ್ಕ ಹಾಕಿಡುವ ಸದ್ದಿನ ತುಣುಕು. 44,100 ಸ್ಯಾಂಪಲ್ ದರದಲ್ಲಿ 256 ಬಫರ್ ಅಂದರೆ ಸುಮಾರು 6 ಮಿಲಿಸೆಕೆಂಡ್ ತಡ, 512 ಅಂದರೆ ಸುಮಾರು 12. ನುಡಿಸುವಾಗ 512ರ ತನಕ ತಡ ಅಷ್ಟಾಗಿ ಗೊತ್ತಾಗುವುದಿಲ್ಲ. ಮಿಕ್ಸ್ ಮಾಡುವಾಗ 2048 ಇಟ್ಟರೂ ಪರವಾಗಿಲ್ಲ, ಆಗ ಕೀಲಿ ಒತ್ತುತ್ತಿರುವುದಿಲ್ಲವಲ್ಲ. ವಿಂಡೋಸ್ ಆದರೆ ಸದ್ದಿನ ತಡ ಕಡಿಮೆ ಮಾಡುವ ಎಎಸ್‌ಐಒ ಡ್ರೈವರ್ ಹಾಕಿಕೊಳ್ಳಿ, ಚಾರ್ಜರ್ ಸಿಕ್ಕಿಸಿ ನುಡಿಸಿ. ಮುಗಿದ ಟ್ರ್ಯಾಕನ್ನು ಆಡಿಯೋ ಮಾಡಿಬಿಟ್ಟರೆ ಆ ಸಿಂತ್ ಮುಚ್ಚಬಹುದು.

ಇಷ್ಟಾದರೂ ವೈಟಲ್ ಭಾರವಾದರೆ, ಎಫ್‌ಎಲ್ ಇದ್ದವರಿಗೆ ಅದರ ಜೊತೆಗೇ ಬರುವ 3ಎಕ್ಸ್ ಆಸ್ಕ್ ಇದೆ. ನೋಡಲು ತೀರಾ ಸಾದಾ, ಆದರೆ ಹಳೆಯ ಯಂತ್ರದಲ್ಲೂ ಹಗುರವಾಗಿ ಓಡುತ್ತದೆ.

ಪ್ರಶ್ನೆ: ಗೆಳೆಯ ಪೆನ್‌ಡ್ರೈವ್‌ನಲ್ಲಿ ಇಪ್ಪತ್ತು ಕ್ರ್ಯಾಕ್ ಮಾಡಿದ ಸಿಂತ್ ಕೊಟ್ಟಿದ್ದಾನೆ. ಹಾಕಿಕೊಳ್ಳಲಾ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಹಾಕಬೇಡಿ. ಶುರುವಿನ ದಿನಗಳಲ್ಲಿ ನಾನೂ ಹಾಕಿದ್ದೆ. ಕಂಪ್ಯೂಟರ್ ಒಮ್ಮೆ ಫಾರ್ಮ್ಯಾಟ್ ಮಾಡಿದ ಮೇಲೆ ಆ ಸಿಂತ್ ಮತ್ತೆ ತೆರೆಯಲೇ ಇಲ್ಲ, ಎರಡು ತಿಂಗಳು ಕೂತು ಮಾಡಿದ ಹಾಡಿನ ಮುಖ್ಯ ಸದ್ದೇ ಹೋಯಿತು. ಆ ಹಾಡು ಇವತ್ತಿಗೂ ಅರ್ಧಕ್ಕೇ ನಿಂತಿದೆ, ನೆನೆದರೆ ಈಗಲೂ ಸಂಕಟ ಆಗುತ್ತದೆ. ಅಂಥ ಫೈಲ್‌ಗಳ ಜೊತೆ ವೈರಸ್ ಬರುವುದೂ ಉಂಟು. ಇಷ್ಟು ಒಳ್ಳೆಯವು ಪುಕ್ಕಟೆ ಸಿಗುವ ಕಾಲದಲ್ಲಿ, ವರ್ಷಗಟ್ಟಲೆ ಕೂತು ಕೋಡ್ ಬರೆದವರ ಕೆಲಸ ಕದಿಯುವ ಅಗತ್ಯವೇ ಇಲ್ಲ.

ಪ್ರಶ್ನೆ: ಪ್ರೀಸೆಟ್ ಬಳಸಿದರೆ ಮೋಸವಾ?
— ಓದುಗ, ತುಮಕೂರು

ಉತ್ತರ: ಅಲ್ಲ. ಆದರೆ ಬಳಸಿದ ಪ್ರತಿ ಪ್ರೀಸೆಟ್‌ನಲ್ಲೂ ಮೂರು ಗುಂಡಿ ತಿರುಗಿಸಿ, ಏನಾಯಿತು ಅಂತ ಬರೆದಿಡಿ.

ಪ್ರಶ್ನೆ: 80ರ ದಶಕದ ಹಾಡುಗಳಲ್ಲಿ ಗಂಟೆಯ ಹಾಗೆ ಮಿನುಗುವ ಒಂದು ಎಲೆಕ್ಟ್ರಿಕ್ ಪಿಯಾನೋ ಸದ್ದಿದೆ. ವೈಟಲ್‌ನಲ್ಲಿ ಎಷ್ಟು ಒದ್ದಾಡಿದರೂ ಬರುತ್ತಿಲ್ಲ.
— ಓದುಗ, ಮಂಗಳೂರು

ಉತ್ತರ: ನೀವು ಹೇಳುತ್ತಿರುವುದು ಬಹುಶಃ ಯಮಹಾ ಡಿಎಕ್ಸ್7 ಸದ್ದು. 1983ರಲ್ಲಿ ಬಂದ ಕೀಬೋರ್ಡ್, ಆಮೇಲೆ ಜಗತ್ತಿನ ಯಾವ ಮೂಲೆಯ ಹಾಡಿನಲ್ಲಿ ನೋಡಿದರೂ ಅದೇ. ಅದರ ಹಿಂದಿರುವುದು ಎಫ್‌ಎಂ: ಒಂದು ಅಲೆ ಇನ್ನೊಂದು ಅಲೆಯ ಶ್ರುತಿಯನ್ನು ಎಷ್ಟು ವೇಗವಾಗಿ ನಡುಗಿಸುತ್ತದೆ ಅಂದರೆ, ನಡುಕ ನಡುಕವಾಗಿ ಕೇಳದೆ ಹೊಸ ಬಣ್ಣವಾಗಿ ಕೇಳುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ 1967ರಲ್ಲಿ ಇದನ್ನು ಕಂಡುಕೊಂಡರು, ಯಮಹಾ ಆ ವಿಶ್ವವಿದ್ಯಾಲಯದಿಂದ ಅದರ ಲೈಸೆನ್ಸ್ ಪಡೆದುಕೊಂಡಿತು.

ಡೆಕ್ಸ್ಡ್ ಅನ್ನುವ ಉಚಿತ ಸಿಂತ್ ಇಳಿಸಿಕೊಳ್ಳಿ. ಅದು ಡಿಎಕ್ಸ್7ರ ಪ್ರತಿರೂಪ, ಆ ಕಾಲದ ಪ್ರೀಸೆಟ್ ಫೈಲ್‌ಗಳನ್ನೂ ತೆರೆಯುತ್ತದೆ. ಮೊದಲ ಸಿಂತ್ ಆಗಿ ಇದನ್ನು ಯಾರಿಗೂ ಹೇಳುವುದಿಲ್ಲ, ಅಲೆ ಹುಟ್ಟಿಸುವ ಆರು ಆಪರೇಟರ್‌ಗಳ ಲೆಕ್ಕದಲ್ಲಿ ಹೊಸಬರು ಕಳೆದುಹೋಗುತ್ತಾರೆ. ನಿಮಗೆ ಬೇಕಾದ ಸದ್ದು ಯಾವುದು ಅಂತ ಸ್ಪಷ್ಟ ಇರುವುದರಿಂದ ಹೇಳುತ್ತಿದ್ದೇನೆ.

ಪ್ರಶ್ನೆ: ಕೈಯಲ್ಲಿ ಫೋನ್ ಬಿಟ್ಟು ಬೇರೇನಿಲ್ಲ.
— ಓದುಗಿ, ರಾಯಚೂರು

ಉತ್ತರ: ಐಫೋನ್ ಆದರೆ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ, ಅದರೊಳಗೆ ಆಲ್ಕೆಮಿ ಅನ್ನುವ ಸಿಂತ್ ಇದೆ. ಆಂಡ್ರಾಯ್ಡ್ ಆದರೆ ಎಫ್‌ಎಲ್ ಸ್ಟುಡಿಯೋ ಮೊಬೈಲ್ ಇದೆ, ಒಮ್ಮೆ ದುಡ್ಡು ಕೊಡಬೇಕು. ಕಾಲೇಜಿನಲ್ಲೋ ಗೆಳತಿಯ ಮನೆಯಲ್ಲೋ ಒಂದು ಗಂಟೆ ಕಂಪ್ಯೂಟರ್ ಸಿಕ್ಕರೆ ಎಬಲ್‌ಟನ್ ಕಂಪನಿಯ ಲರ್ನಿಂಗ್ ಸಿಂತ್ಸ್ ಪುಟ ತೆರೆಯಿರಿ. ಬ್ರೌಸರ್‌ನಲ್ಲೇ ನಡೆಯುತ್ತದೆ, ಏನೂ ಇಳಿಸಬೇಕಿಲ್ಲ, ಮೇಲೆ ದಾವಣಗೆರೆಯ ಓದುಗರಿಗೆ ಹೇಳಿದ ನಾಲ್ಕೂ ವಿಷಯ ಅಲ್ಲಿ ಬೆರಳಿನಿಂದ ಎಳೆದು ಕೇಳಬಹುದು. ಒಳ್ಳೆಯ ಇಯರ್‌ಫೋನ್ ಹಾಕಿಕೊಳ್ಳಿ, ಫೋನಿನ ಸ್ಪೀಕರ್‌ನಲ್ಲಿ ಬೇಸ್ ಕೇಳಿಸುವುದೇ ಇಲ್ಲ. ಮಾಡಿದ ಮೊದಲ ಸದ್ದನ್ನು ನನಗೆ ಕಳಿಸಿ, ಕೇಳಿ ಬರೆಯುತ್ತೇನೆ.