ಈ ಹಬ್ಬಕ್ಕೆ ನಿಮ್ಮ ಮನೆಗೆ ನೀವೇ ನೆಂಟರು

ಪ್ರಶ್ನೆ: ಅಕ್ಕಾ, ನನಗೆ 48 ವರ್ಷ. ಎಡ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಇವತ್ತಿಗೆ ಒಂಬತ್ತು ದಿನ. ಸ್ತನ ಪೂರ್ತಿ ತೆಗೆದಿದ್ದಾರೆ, ಕಂಕುಳಿನ ಗಂಟುಗಳನ್ನೂ (ಲಿಂಫ್ ನೋಡ್) ತೆಗೆದಿದ್ದಾರೆ. ಗಾಯದೊಳಗಿನ ನೀರು ಬಾಟಲಿಗೆ ಇಳಿಯಲು ಹಾಕಿದ ಡ್ರೇನ್ ಪೈಪು ಇನ್ನೂ ಇದೆ. ಮುಂದಿನ ವಾರ ಹಬ್ಬ. ಪ್ರತಿ ವರ್ಷ ಎಲ್ಲರೂ ಸೇರುವುದು ನಮ್ಮ ಮನೆಯಲ್ಲೇ. ಬರಬೇಡಿ ಎಂದರೆ ಮನೆ ಬಿಕೋ ಅನ್ನುತ್ತೆ, ಬನ್ನಿ ಎಂದರೆ ನನ್ನ ಕೈಲಿ ಆಗುತ್ತಾ ಅಂತ ಭಯ. ಸುಮ್ನೆ ಮಲಗಿದ್ದರೆ ಏನೋ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. ಬಯಾಪ್ಸಿ ರಿಪೋರ್ಟು ಕೂಡ ಅದೇ ವಾರ ಬರಬಹುದಂತೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ಬಹಳ ಹೊತ್ತು ಹಾಗೇ ಕೂತಿದ್ದೆ. ನನಗೂ ಆಪರೇಷನ್ ಆಗಿದ್ದು ಹಬ್ಬದ ಹೊಸ್ತಿಲಲ್ಲೇ. ಹಾಗಾಗಿ ನೇರವಾಗಿ ಹೇಳುತ್ತೇನೆ.

ಹಬ್ಬ ಬೇಡ ಎನ್ನಬೇಡಿ. ಹಬ್ಬ ನಡೆಸುವ ಕೆಲಸ ಮಾತ್ರ ಬಿಟ್ಟುಬಿಡಿ. ಎರಡೂ ಒಂದೇ ಎಂದು ನಾವು ಹೆಂಗಸರು ಅಂದುಕೊಂಡುಬಿಟ್ಟಿದ್ದೇವೆ, ಅಲ್ವಾ? ಜನ ಬರಲಿ. ಬಂದ ನೆಂಟರಲ್ಲಿ ನೀವೂ ಒಬ್ಬರು ಎಂದುಕೊಳ್ಳಿ. ಮನೆಯಲ್ಲಿ ಯಾರಾದರೂ ಒಬ್ಬರಿಗೆ ಪೂರ್ತಿ ಜವಾಬ್ದಾರಿ ಕೊಡಿ. ಒಬ್ಬರೇ ಒಬ್ಬರಿಗೆ. "ಏನಾದರೂ ಸಹಾಯ ಬೇಕಿದ್ದರೆ ಹೇಳಿ" ಎನ್ನುವವರು ನಾಲ್ಕು ಜನ ಇದ್ದರೆ, ಯಾರಿಗೆ ಏನು ಹೇಳಬೇಕು ಅಂತ ಯೋಚನೆ ಮಾಡುವ ಕೆಲಸವೂ ನಿಮ್ಮ ತಲೆಗೇ ಬರುತ್ತದೆ. ಯಾರು ಯಾವಾಗ ಬರಬೇಕು, ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಾ ಅವರೇ ನೋಡಿಕೊಳ್ಳಲಿ. ನೀವು ಅರ್ಧ ಗಂಟೆ ಎಲ್ಲರ ಜೊತೆ ಕೂತು, ಎದ್ದು ಹೋಗಿ ಮಲಗಿ. ಬೇಕೆನಿಸಿದರೆ ಮತ್ತೆ ಬನ್ನಿ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ಇನ್ನು ಡ್ರೇನ್. ಅವತ್ತು ನಾನು ಹಜಾರದಲ್ಲಿ ಕುರ್ಚಿ ಮೇಲೆ ಕೂತಿದ್ದೆ. ಡ್ರೇನ್ ಬಾಟಲಿ ತೊಡೆಯ ಪಕ್ಕ ಇತ್ತು. ಬಾಗಿಲ ಬೆಲ್ಲು ಆಯಿತು. ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಬಾಗಿಲು ತೆಗೆಯೋಕೆ ಅಂತ ತಟ್ಟನೆ ಎದ್ದುಬಿಟ್ಟೆ. ಪೈಪು ಕುರ್ಚಿಯ ಕೈಗೆ ಸಿಕ್ಕಿಕೊಂಡು, ಚರ್ಮದ ಹತ್ತಿರ ಹಾಕಿದ್ದ ಹೊಲಿಗೆ ಜಗ್ಗಿ, ಕಣ್ಣಲ್ಲಿ ನೀರು ಬಂತು. ಪುಣ್ಯಕ್ಕೆ ಪೈಪು ಕಿತ್ತು ಬರಲಿಲ್ಲ. ಅವತ್ತೇ ಸಂಜೆ ಅಕ್ಕ ನನ್ನ ಅಂಗಿಯ ಒಳಗಡೆ ಒಂದು ಜೇಬು ಹೊಲಿದುಕೊಟ್ಟಳು. ಬಾಟಲಿ ಅದರೊಳಗೆ, ಪೈಪಿನ ಉಳಿದ ಭಾಗ ಸುರುಳಿ ಸುತ್ತಿ ಪಿನ್ನು. ಪಿನ್ನು ಬಟ್ಟೆಗೆ ಮಾತ್ರ, ಪೈಪಿಗೆ ಚುಚ್ಚಬಾರದು. ನೀವೂ ಮುಂದೆ ಗುಂಡಿ ಇರುವ, ಸಡಿಲವಾದ ಬಟ್ಟೆಯಲ್ಲಿ ಹೀಗೊಂದು ಜೇಬು ಮಾಡಿಸಿಕೊಳ್ಳಿ. ತಲೆ ಮೇಲಿಂದ ಹಾಕಿಕೊಳ್ಳುವ ಬಟ್ಟೆ ಈಗ ಬೇಡವೇ ಬೇಡ.

ಡ್ರೇನ್‌ನಲ್ಲಿ ಎಷ್ಟು ಬಂತು ಅಂತ ದಿನಾ ಅಳೆದು ಬರೆದಿಡುತ್ತಿದ್ದೀರಿ ಅಂದುಕೊಂಡಿದ್ದೇನೆ. ಹಬ್ಬದ ದಿನವೂ ಅದು ತಪ್ಪಬಾರದು. ಮೊದಲು ಕೆಂಪಗೆ ಇದ್ದದ್ದು ಗುಲಾಬಿಯಾಗಿ, ಆಮೇಲೆ ತಿಳಿ ಹಳದಿಯಾಗುತ್ತದೆ. ಇಡೀ ದಿನಕ್ಕೆ ಸುಮಾರು 30 ಮಿಲಿಗಿಂತ ಕಡಿಮೆಯಾದ ಮೇಲೆ ಸಾಮಾನ್ಯವಾಗಿ ಪೈಪು ತೆಗೆಯುತ್ತಾರೆ, ನಿಮ್ಮ ಸರ್ಜನ್ ಲೆಕ್ಕ ಸ್ವಲ್ಪ ಬೇರೆ ಇದ್ದರೆ ಅವರು ಹೇಳಿದ್ದೇ ಸರಿ. ಜಾಸ್ತಿ ಓಡಾಡಿ ಕೈ ಆಡಿಸಿದ ದಿನ ಅಳತೆ ಏರಬಹುದು. ಹಬ್ಬದ ದಣಿವು ಆ ಬಾಟಲಿಯಲ್ಲೇ ಕಾಣುತ್ತದೆ.

ಹಾಗಂತ ಆ ಕೈಯನ್ನು ಎದೆಗೆ ಅಂಟಿಸಿಕೊಂಡು ಕೂರಬೇಡಿ. ಭುಜ ಬಿಗಿದುಹೋಗುತ್ತದೆ. ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಚುವುದು, ನಿಮ್ಮ ತಲೆ ನೀವೇ ಬಾಚಿಕೊಳ್ಳುವುದು, ಇಷ್ಟು ನಡೆಯಲಿ. ಕೈಯನ್ನು ಭುಜಕ್ಕಿಂತ ಮೇಲೆ ಎತ್ತುವ ವ್ಯಾಯಾಮ, ಗೋಡೆ ಮೇಲೆ ಬೆರಳು ನಡೆಸುವುದು, ಇದೆಲ್ಲಾ ಯಾವಾಗ ಶುರು ಮಾಡಬೇಕು ಅಂತ ಡಾಕ್ಟರನ್ನೋ ಫಿಸಿಯೋಥೆರಪಿಯವರನ್ನೋ ಕೇಳಿ. ತುಂಬಿದ ಪಾತ್ರೆ ಎತ್ತುವುದು, ಕುರ್ಚಿ ಎಳೆಯುವುದು, ಬಂದ ಮಕ್ಕಳನ್ನು ಎತ್ತಿಕೊಳ್ಳುವುದು ಇದ್ಯಾವುದೂ ಬೇಡ. ತೋಳಿನ ಒಳಭಾಗ ಜೋಮು ಹಿಡಿದ ಹಾಗಿದೆಯಾ? ಕಂಕುಳಿನ ಮೂಲಕ ಹೋಗುವ ನರಕ್ಕೆ ಆಪರೇಷನ್‌ನಲ್ಲಿ ಪೆಟ್ಟು ಬಿದ್ದರೆ ಹಾಗಾಗುತ್ತದೆ. ಆ ಜಾಗಕ್ಕೆ ಬಿಸಿ ತಾಗಿದರೆ ಗೊತ್ತೇ ಆಗುವುದಿಲ್ಲ. ಕಂಕುಳಿನ ಗಂಟುಗಳನ್ನು ತೆಗೆದಿರುವುದರಿಂದ ಆ ಕೈಗೆ ಊತ ಬರುವ ಸಂಭವವೂ ಇರುತ್ತದೆ, ಅದು ಎಷ್ಟೋ ತಿಂಗಳು ಬಿಟ್ಟೂ ಕಾಣಿಸಿಕೊಳ್ಳಬಹುದು. ಸುಟ್ಟ ಗಾಯ, ತರಚು ಗಾಯ ಆಗದಂತೆ ನೋಡಿಕೊಳ್ಳಬೇಕು. ಅದಕ್ಕೇ ಹೇಳುತ್ತಿದ್ದೇನೆ, ಒಲೆಯ ಹತ್ತಿರ ಸುಳಿಯಬೇಡಿ.

ಇನ್ನೊಂದು ಸಣ್ಣ ಉಪಾಯ. ಕಂಕುಳಿಗೆ ಒಂದು ಪುಟ್ಟ ದಿಂಬು ಇಟ್ಟುಕೊಂಡು ಕೂರಿ. ಕೈಗೂ ಹಾಯಾಗಿರುತ್ತದೆ, ಪ್ರೀತಿ ಉಕ್ಕಿ ಬಿಗಿದಪ್ಪಿಕೊಳ್ಳಲು ಬರುವವರೂ ದಿಂಬು ನೋಡಿ ಮೆಲ್ಲಗಾಗುತ್ತಾರೆ. ಕಾರಿನಲ್ಲಿ ಹೋಗುವಾಗ ಅದನ್ನೇ ಸೀಟ್ ಬೆಲ್ಟ್‌ಗೂ ಎದೆಗೂ ನಡುವೆ ಇಟ್ಟುಕೊಳ್ಳಬಹುದು.

ರಿಪೋರ್ಟಿನ ವಿಷಯ ನಿಜಕ್ಕೂ ಕಷ್ಟದ್ದು. ಹಬ್ಬಕ್ಕೆ ಮುಂಚೆಯೇ ಆಸ್ಪತ್ರೆಗೆ ಫೋನ್ ಮಾಡಿ, ಯಾವತ್ತು ಬರುತ್ತದೆ, ಯಾರು ವಿವರಿಸುತ್ತಾರೆ ಅಂತ ಕೇಳಿ. ಹಬ್ಬದ ದಿನವೇ ಮೊಬೈಲಿಗೆ ಬಂದರೆ ತೆರೆಯಬೇಕಾ ಬೇಡವಾ ಅನ್ನುವುದು ನಿಮಗೆ ಬಿಟ್ಟಿದ್ದು. ನನ್ನನ್ನು ಕೇಳಿದರೆ, ಇ.ಆರ್., ಪಿ.ಆರ್., ಹರ್-2 ಅಂತೆಲ್ಲ, ಯಾವ ಔಷಧಿ ಕೆಲಸ ಮಾಡಬಹುದು ಅಂತ ತಿಳಿಸುವ ಪರೀಕ್ಷೆಗಳ ಹೆಸರು ಇರುವ ಆ ಹಾಳೆಯನ್ನು ಡಾಕ್ಟರ್ ಪಕ್ಕದಲ್ಲಿಲ್ಲದೆ, ಮನೆ ತುಂಬ ಜನ ಇರುವಾಗ ಓದಬೇಡಿ. ಮುಂದಿನ ಚಿಕಿತ್ಸೆ ಸಾಮಾನ್ಯವಾಗಿ ಗಾಯ ಮಾಯ್ದ ಮೇಲೆ, ಕೆಲವು ವಾರ ಬಿಟ್ಟೇ ಶುರುವಾಗುವುದು. ಎರಡು ದಿನದಲ್ಲಿ ಏನೂ ಕೈತಪ್ಪಿ ಹೋಗುವುದಿಲ್ಲ.

ಆದರೆ ಇವಕ್ಕೆ ಮಾತ್ರ ಹಬ್ಬ ಮುಗಿಯಲಿ ಅಂತ ಕಾಯಬೇಡಿ: 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ, ಗಾಯದ ಸುತ್ತ ಹರಡುವ ಕೆಂಪು, ಕೀವು, ಗಾಯದ ಕೆಳಗೆ ಇದ್ದಕ್ಕಿದ್ದಂತೆ ಬಾವು, ಡ್ರೇನ್‌ನಲ್ಲಿ ಒಮ್ಮೆಲೇ ಹಸಿ ರಕ್ತ, ಒಂದು ಕಾಲು ಊದಿಕೊಂಡು ನೋವು. ಉಸಿರು ಕಟ್ಟಿದರಂತೂ ಒಂದು ನಿಮಿಷವೂ ತಡ ಬೇಡ. ರಜೆಯಲ್ಲಿ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಕೇಳಿ ಗೋಡೆ ಮೇಲೆ ಅಂಟಿಸಿ. ಮಾತ್ರೆ ಎಷ್ಟು ಉಳಿದಿದೆ ಅಂತ ಇವತ್ತೇ ಎಣಿಸಿ.

ಪ್ರಶ್ನೆ: ನನ್ನ ತಂಗಿಗೆ ಸ್ತನದ ಕ್ಯಾನ್ಸರ್ ಶುರುವಿನ ಹಂತದಲ್ಲೇ ಗೊತ್ತಾಗಿ, ಸ್ತನ ಉಳಿಸಿ ಗಂಟು ಮಾತ್ರ ತೆಗೆದಿದ್ದಾರೆ. ಹಬ್ಬಕ್ಕೆ ಬಂದವರೆಲ್ಲಾ "ಪೂರ್ತಿ ತೆಗೆಸಿಬಿಡಬೇಕಿತ್ತು, ಇದು ಅರ್ಧ ಕೆಲಸ" ಎನ್ನುತ್ತಾರೆ. ಅವಳು ರಾತ್ರಿಯೆಲ್ಲಾ ಅಳುತ್ತಾಳೆ. ನಿಜವಾಗಿಯೂ ತಪ್ಪಾಯಿತಾ?

ಉತ್ತರ: ಇಲ್ಲಮ್ಮ. ಹಾಗೆ ಹೇಳುವವರು ಬಹಳ ಹಳೇ ಕಾಲದ ಮಾತು ಆಡುತ್ತಿದ್ದಾರೆ. 1894ರಲ್ಲಿ ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಸ್ತನ, ಎದೆಯ ಸ್ನಾಯು, ಕಂಕುಳಿನ ಗಂಟುಗಳು ಎಲ್ಲವನ್ನೂ ತೆಗೆಯುವ ಆಪರೇಷನ್ ಬಗ್ಗೆ ಬರೆದರು. ಎಷ್ಟು ಜಾಸ್ತಿ ತೆಗೆದರೆ ಅಷ್ಟು ಒಳ್ಳೆಯದು ಅನ್ನುವುದೇ ಬಹಳ ಕಾಲ ನಡೆದುಬಂತು. 1970ರ ದಶಕದಲ್ಲಿ ಇಟಲಿಯಲ್ಲಿ ಉಂಬರ್ತೊ ವೆರೊನೇಸಿ, ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ಇದನ್ನು ಪರೀಕ್ಷೆಗೆ ಹಚ್ಚಿದರು. ಕೆಲವರಿಗೆ ಪೂರ್ತಿ ತೆಗೆದು, ಕೆಲವರಿಗೆ ಗಂಟಿದ್ದ ಭಾಗ ಮಾತ್ರ ತೆಗೆದು, ಇಪ್ಪತ್ತು ವರ್ಷ ಕಾದು ನೋಡಿದರು. 2002ರಲ್ಲಿ ಇಬ್ಬರ ಫಲಿತಾಂಶವೂ ಬಂತು. ಬದುಕಿ ಉಳಿದವರ ಲೆಕ್ಕದಲ್ಲಿ ಎರಡೂ ಕಡೆ ವ್ಯತ್ಯಾಸ ಕಾಣಲಿಲ್ಲ. ಆ ಹೆಂಗಸರೆಲ್ಲಾ ಇಪ್ಪತ್ತು ವರ್ಷ ತಪಾಸಣೆಗೆ ಬಂದು ಹೋಗಿದ್ದರಿಂದಲೇ ಇವತ್ತು ನಿಮ್ಮ ತಂಗಿಯ ಸ್ತನ ಉಳಿದಿದೆ. ಇದನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಒಂದು ವಿಷಯ ಮಾತ್ರ ಮರೆಯಬೇಡಿ. ಉಳಿಸಿದ ಸ್ತನಕ್ಕೆ ಸಾಮಾನ್ಯವಾಗಿ ರೇಡಿಯೇಷನ್ ಕೊಡುತ್ತಾರೆ, ಅದೇ ಜಾಗದಲ್ಲಿ ರೋಗ ಮತ್ತೆ ಬರುವ ಸಂಭವ ಅದರಿಂದ ಕಡಿಮೆಯಾಗುತ್ತದೆ. ಡಾಕ್ಟರ್ ಹೇಳಿದ್ದರೆ ಒಂದು ದಿನವೂ ತಪ್ಪಿಸಬಾರದು. ನೆಂಟರು ಮತ್ತೆ ಶುರು ಮಾಡಿದರೆ ನೀವೇ ಅಡ್ಡ ನಿಂತು "ಅವಳ ಡಾಕ್ಟರು ನೋಡಿಕೊಳ್ಳುತ್ತಾರೆ, ಬೇರೆ ಮಾತಾಡೋಣ" ಅನ್ನಿ. ಅವಳ ಕೈಲಿ ಈಗ ವಾದ ಮಾಡಲು ಆಗುವುದಿಲ್ಲ.

ಪ್ರಶ್ನೆ: ಹೆಂಡತಿಗೆ ಆಪರೇಷನ್ ಆಗಿ ಎರಡು ತಿಂಗಳು. ಗಾಯ ಮಾಯ್ದಿದೆ, ಕೀಮೋ ಶುರುವಾಗಿದೆ. ಕನ್ನಡಿ ನೋಡುವುದಿಲ್ಲ. ಹಬ್ಬದ ಫೋಟೋಗೂ ಬರುವುದಿಲ್ಲ ಎನ್ನುತ್ತಾಳೆ. ಹೇಗೆ ಒಪ್ಪಿಸಲಿ?

ಉತ್ತರ: ಒಪ್ಪಿಸಬೇಡಿ ಅಣ್ಣಾ. ಬಟ್ಟೆಯೊಳಗೆ ಇಟ್ಟುಕೊಳ್ಳುವ ಮೆತ್ತನೆಯ ಪ್ಯಾಡ್ ಬರುತ್ತದೆ, ಗಾಯ ಪೂರ್ತಿ ಮಾಯ್ದ ಮೇಲೆ ಭಾರ ಇರುವ ಸಿಲಿಕೋನ್‌ನದೂ ಹಾಕಿಕೊಳ್ಳಬಹುದು. ಇದೆ ಅಂತ ಒಮ್ಮೆ ಹೇಳಿ ಬಿಡಿ, ಬೇಕಿದ್ದರೆ ಅವರೇ ಕೇಳುತ್ತಾರೆ. ಕೀಮೋ ಆದ ಏಳರಿಂದ ಹದಿನಾಲ್ಕು ದಿನದ ಆಸುಪಾಸಿನಲ್ಲಿ ಸಾಮಾನ್ಯವಾಗಿ ಬಿಳಿ ರಕ್ತಕಣ ತೀರಾ ಕಡಿಮೆ ಇರುತ್ತದೆ. ಹಬ್ಬ ಆ ದಿನಗಳಲ್ಲೇ ಬಿದ್ದರೆ ಡಾಕ್ಟರನ್ನು ಕೇಳಿಕೊಂಡೇ ಜನರನ್ನು ಕರೆಯಿರಿ, ನೆಗಡಿ ಕೆಮ್ಮು ಇರುವವರನ್ನು ಬರಬೇಡಿ ಅಂತ ನೀವೇ ಹೇಳಿ. ಫೋಟೋ ತೆಗೆಯುವ ಹೊತ್ತಿಗೆ ಎಲ್ಲರೂ ಒಂದು ಕಡೆ ಸೇರುತ್ತಾರಲ್ಲ, ಆಗ ನೀವು ಒಳಗೆ ಹೋಗಿ ಅವರ ಪಕ್ಕ ಕೂತಿರಿ. ನಿಮ್ಮಿಬ್ಬರನ್ನು ಬಿಟ್ಟೇ ಈ ಸಲದ ಫೋಟೋ ಆಗಲಿ.